ವಿಜಯಾ ಎಣ್ಣೆ ಕೊಳ್ಳುವ ಮುಂಚೆ: ಕಾನೂನು, ಚೀಟಿ, ಸೀಸೆ

ಹಾಸನದಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. 26 ವರ್ಷದಿಂದ ಅದರ ಕೌಂಟರ್ ಹಿಂದೆ ನಿಂತಿದ್ದೇನೆ. ಮೊದಲೆಲ್ಲ ಗಾಂಜಾ ಅನ್ನುವ ಮಾತೇ ಅಂಗಡಿಯೊಳಗೆ ಬರುತ್ತಿರಲಿಲ್ಲ. ಈಗ ತಿಂಗಳಿಗೆ ಇಬ್ಬರು ಮೂವರಾದರೂ ಕೇಳಿಕೊಂಡು ಬರುತ್ತಾರೆ. ಬೇರೆ ಗಿರಾಕಿಗಳು ಹೋಗುವ ತನಕ ಪಕ್ಕದಲ್ಲಿ ನಿಂತಿರುತ್ತಾರೆ. ಆಮೇಲೆ ಕೌಂಟರ್ ಮೇಲೆ ಬಗ್ಗಿ, "ಅಕ್ಕಾ, ಆ ಎಣ್ಣೆ ಇದೆಯಾ? ಕೀಮೊ ಆದವರಿಗೆ ಕೊಡ್ತಾರಂತಲ್ಲ, ಅದು" ಅಂತ ಮೆಲ್ಲಗೆ ಕೇಳುತ್ತಾರೆ.

ಅವರು ಕೇಳುವುದು ಗಾಂಜಾ ಗಿಡದ ಎಲೆಯಿಂದ ಮಾಡುವ ಆಯುರ್ವೇದದ ವಿಜಯಾ ಎಣ್ಣೆಯನ್ನು. ಇವರ್ಯಾರೂ ಕಳ್ಳರಲ್ಲ. ಮನೆಯಲ್ಲಿ ಯಾರೋ ನರಳುತ್ತಿದ್ದಾರೆ, ಅಷ್ಟೇ. 2023ರಲ್ಲಿ ನಾನೂ ಹಾಗೇ ಮೆಲ್ಲಗೆ ಕೇಳಿಕೊಂಡು ಓಡಾಡಿದ್ದೆ. ನಮ್ಮಣ್ಣನಿಗೆ ಹೊಟ್ಟೆಯ ಕ್ಯಾನ್ಸರ್. ಕೀಮೊ ಶುರುವಾದ ಮೇಲೆ ಅನ್ನ ಬೇಯುವ ವಾಸನೆ ಬಂದರೆ ಸಾಕು, ವಾಕರಿಸುತ್ತಿದ್ದ. ಅತ್ತಿಗೆ ಹಿತ್ತಲಲ್ಲಿ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಆ ಆರು ತಿಂಗಳಲ್ಲಿ ನಾನು ಕಲಿತದ್ದನ್ನು, ಮಾಡಿದ ತಪ್ಪನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಕದ್ದು ಮುಚ್ಚಿ ಮಾಡಬೇಕಾದ ಕೆಲಸ ಇದಲ್ಲ. ದಾರಿ ಇದೆ. ಆದರೆ ಕಿರಿದಾದ ದಾರಿ, ಅದರ ಎರಡೂ ಅಂಚು ಎಲ್ಲಿದೆ ಅಂತ ಗೊತ್ತಿರಬೇಕು.

ಎಲೆ ಬೇರೆ, ಹೂವು ಬೇರೆ

ಮೊದಲು ಇದನ್ನು ತಿಳಿದುಕೊಳ್ಳಿ. ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ.

ಮಾದಕ ವಸ್ತುಗಳ ಬಗ್ಗೆ ನಮ್ಮ ದೇಶದ ಕಾಯ್ದೆಯ ಹೆಸರು ಎನ್‌ಡಿಪಿಎಸ್ ಕಾಯ್ದೆ, 1985. ಆ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ತುದಿಯ ಹೂವು ಅಥವಾ ಕಾಯಿ ಬಿಟ್ಟ ತೆನೆ. ಚರಸ್ ಅಂದರೆ ಗಿಡದಿಂದ ಬೇರ್ಪಡಿಸಿದ ಅಂಟು. ತೆನೆ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜವನ್ನು ಗಾಂಜಾದ ಅರ್ಥದಿಂದ ಹೊರಗಿಟ್ಟಿದ್ದಾರೆ. ಆ ಎಲೆಯೇ ಉತ್ತರದವರ ಭಾಂಗ್, ನಮ್ಮ ಹಿರಿಯರ ಬಾಯಲ್ಲಿ ಭಂಗಿ ಸೊಪ್ಪು, ಆಯುರ್ವೇದದಲ್ಲಿ ವಿಜಯಾ. ಈಗ ಸೀಸೆಯಲ್ಲಿ ಬರುತ್ತಿರುವ ವಿಜಯಾ ಎಣ್ಣೆ, ವಿಜಯಾ ಮಾತ್ರೆ ಎಲ್ಲ ಈ ಎಲೆಯ ಬಾಗಿಲಿನಿಂದ ಒಳಗೆ ಬಂದವು.

ಹಾಗಂತ ಎಲೆಗೆ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಎಲೆಯ ಮೇಲೆ ರಾಜ್ಯಗಳಿಗೆ ಅಬಕಾರಿ ಅಧಿಕಾರ ಇದೆ. ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಪರವಾನಗಿ ಪಡೆದ ಭಾಂಗ್ ಅಂಗಡಿಗಳೇ ಇವೆ. ಅಲ್ಲಿ ನಡೆಯುವುದು ಇಲ್ಲೂ ನಡೆಯುತ್ತದೆ ಅಂತಲ್ಲ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, 29 ಕಿಲೋ ಭಾಂಗ್ ಮತ್ತು 400 ಗ್ರಾಂ ಗಾಂಜಾ ಸಮೇತ ಬೆಂಗಳೂರಲ್ಲಿ ಸಿಕ್ಕಿಬಿದ್ದ ಒಬ್ಬರಿಗೆ ಜಾಮೀನು ಕೊಡುತ್ತಾ, ಭಾಂಗ್ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ ಹೇಳಿತು. ಆ ಸುದ್ದಿಯ ತುಣುಕನ್ನು ವಾಟ್ಸಾಪ್‌ನಲ್ಲಿ ಹಿಡಿದುಕೊಂಡು ಬಂದು "ಈಗೆಲ್ಲ ಲೀಗಲ್ ಅಲ್ವಾ ಮೇಡಂ?" ಅಂತ ಕೇಳಿದವರಿದ್ದಾರೆ. ಅದು ಒಂದು ಕೇಸಿನ ಜಾಮೀನು ಆದೇಶ. ಸೊಪ್ಪು ತಂದು ಮನೆಯಲ್ಲಿ ಅರೆದುಕೊಳ್ಳಲು ಕೊಟ್ಟ ಅಪ್ಪಣೆ ಅಲ್ಲ.

ಇನ್ನೊಂದು. ಎಲೆಗೆ ವಿನಾಯಿತಿ ಇದ್ದರೂ ಗಿಡ ಬೆಳೆಯಲು ಇಲ್ಲ. ಹಿತ್ತಲಲ್ಲಿ ತುಳಸಿ ಪಕ್ಕ ಒಂದೇ ಒಂದು ಗಿಡ ಹಾಕಿದರೂ ಅದು ಬೆಳೆ ತೆಗೆದ ಅಪರಾಧ, 10 ವರ್ಷದವರೆಗೆ ಶಿಕ್ಷೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಗಾಂಜಾ ಇಟ್ಟುಕೊಂಡಿದ್ದರೆ, 1 ಕಿಲೋಗಿಂತ ಕಡಿಮೆಯದು ಸಣ್ಣ ಪ್ರಮಾಣ ಅಂತ ಲೆಕ್ಕ. ಅದಕ್ಕೂ 1 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕಿಲೋ ಮೀರಿದರೆ 10ರಿಂದ 20 ವರ್ಷ. ಚರಸ್‌ಗೆ ಈ ಗಡಿ ಇನ್ನೂ ಕಡಿಮೆ, ಸಣ್ಣ ಪ್ರಮಾಣ ಅಂದರೆ 100 ಗ್ರಾಂಗಿಂತ ಕಡಿಮೆ. "ಸ್ವಲ್ಪ ಇದ್ರೆ ಏನೂ ಆಗಲ್ಲ" ಅನ್ನುವ ಮಾತನ್ನು ಯಾರಿಂದ ಕೇಳಿದರೂ ನಂಬಬೇಡಿ.

ಈ ಗೆರೆ ಎಲ್ಲಿಂದ ಬಂತು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ಈ ಕಥೆ ಗೊತ್ತಾದ ಮೇಲೇ ನನಗೆ ಇವತ್ತಿನ ಕಾನೂನು ಅರ್ಥವಾದದ್ದು.

1839ರಲ್ಲಿ ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿ ಓಶಾನೆಸ್ಸಿ ಅನ್ನುವ ಐರಿಶ್ ಡಾಕ್ಟರ್ ಒಬ್ಬರು ಇದರ ಬಗ್ಗೆ ಒಂದು ಪ್ರಬಂಧ ಓದಿದರು. ನಮ್ಮ ವೈದ್ಯರು, ಹಕೀಮರು ಶತಮಾನಗಳಿಂದ ಬಳಸುತ್ತಿದ್ದ ಸೊಪ್ಪನ್ನು ಅವರು ಮೊದಲು ಪ್ರಾಣಿಗಳಿಗೆ ಕೊಟ್ಟು ನೋಡಿದರು. ಆಮೇಲೆ ಕೀಲುನೋವು, ಧನುರ್ವಾಯು, ಕಾಲರಾ ರೋಗಿಗಳಿಗೆ ಕೊಟ್ಟರು. 40 ದಿನದ ಒಂದು ಕೂಸಿಗೆ ಬಿಟ್ಟೂಬಿಡದೆ ಫಿಟ್ಸ್ ಬರುತ್ತಿತ್ತು. ಅದಕ್ಕೂ ಹನಿ ಲೆಕ್ಕದಲ್ಲಿ ಕೊಟ್ಟು, ಮಗು ಚೇತರಿಸಿಕೊಂಡಿತು ಅಂತ ಬರೆದಿಟ್ಟಿದ್ದಾರೆ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. 2018ರಲ್ಲಿ ಅಮೆರಿಕದ ಔಷಧ ಇಲಾಖೆ ಇದೇ ಗಿಡದಿಂದ ತೆಗೆದ ಎಪಿಡಯೊಲೆಕ್ಸ್ ಅನ್ನುವ ಔಷಧಿಗೆ ಒಪ್ಪಿಗೆ ಕೊಟ್ಟಿತಲ್ಲ, ಅದು ಕೂಡ ಮಕ್ಕಳಲ್ಲಿ ಶುರುವಾಗುವ, ಸುಲಭಕ್ಕೆ ಬಗ್ಗದ ಫಿಟ್ಸ್ ಕಾಯಿಲೆಗೇ.

ಓಶಾನೆಸ್ಸಿ ಊರಿಗೆ ಹೋಗುವಾಗ ಇದನ್ನು ಲಂಡನ್ನಿಗೆ ಒಯ್ದರು. ಅಲ್ಲಿಂದ ಯುರೋಪು, ಅಮೆರಿಕದ ಔಷಧಿ ಅಂಗಡಿಗಳಿಗೆಲ್ಲ ಟಿಂಚರ್, ಅಂದರೆ ಮದ್ಯಸಾರದಲ್ಲಿ ಕರಗಿಸಿದ ಔಷಧಿಯ ರೂಪದಲ್ಲಿ ಹರಡಿತು. ಆದರೆ ಒಂದು ತೊಂದರೆ ಇತ್ತು. ಒಂದು ಸೀಸೆಗಿದ್ದ ಬಲ ಇನ್ನೊಂದು ಸೀಸೆಗೆ ಇರುತ್ತಿರಲಿಲ್ಲ. ನೀರಲ್ಲಿ ಕರಗದ್ದರಿಂದ ಇಂಜೆಕ್ಷನ್ ಕೊಡಲೂ ಆಗುತ್ತಿರಲಿಲ್ಲ. ಆಸ್ಪಿರಿನ್ ಬಂದ ಮೇಲೆ ಡಾಕ್ಟರ್‌ಗಳು ಇದನ್ನು ನಿಧಾನಕ್ಕೆ ಕೈಬಿಟ್ಟರು. ಸೀಸೆಯಿಂದ ಸೀಸೆಗೆ ಬಲ ಬದಲಾಗುವ ಆ ತೊಂದರೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಅದಕ್ಕೇ ಮುಂದೆ ಲ್ಯಾಬ್ ವರದಿ ಕೇಳಿ ಅಂತ ಹೇಳುತ್ತೇನೆ.

ಈ ನಡುವೆ ಬ್ರಿಟಿಷ್ ಸರ್ಕಾರ 1893ರಲ್ಲಿ ಒಂದು ಆಯೋಗ ಮಾಡಿತು. ಅದು ದೇಶವೆಲ್ಲ ಸುತ್ತಿ 1,193 ಜನರ ಸಾಕ್ಷಿ ತೆಗೆದುಕೊಂಡಿತು. ಮಿತವಾಗಿ ಬಳಸುವವರಿಗೆ ಹೆಚ್ಚೇನೂ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹದ್ದುಬಸ್ತಿನಲ್ಲಿಡಿ ಅಂತ ವರದಿ ಕೊಟ್ಟಿತು. 1961ರಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದ ಬಂತು. ಗಾಂಜಾ ಅಂದರೆ ತೆನೆ ಮಾತ್ರ, ಬರೀ ಎಲೆ ಮತ್ತು ಬೀಜ ಅಲ್ಲ ಅನ್ನುವ ಮಾತು ಇರುವುದು ಆ ಒಪ್ಪಂದದಲ್ಲಿ. ನಮ್ಮ ಕಾಯ್ದೆ ಅದನ್ನೇ ತೆಗೆದುಕೊಂಡಿದೆ. ಔಷಧಿಗಲ್ಲದ ಬಳಕೆಯನ್ನು ನಿಲ್ಲಿಸಲು ಒಪ್ಪಂದ ಕೊಟ್ಟಿದ್ದ 25 ವರ್ಷದ ಗಡುವು ಮುಗಿಯುವ ಮುಂಚೆ, 1985ರ ನವೆಂಬರ್‌ನಲ್ಲಿ, ಎನ್‌ಡಿಪಿಎಸ್ ಜಾರಿಗೆ ಬಂತು.

ಆ ಕಾಯ್ದೆಯ 8ನೇ ಸೆಕ್ಷನ್ ಓದಿ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಸರ್ಕಾರದ ಅನುಮತಿಯೊಂದಿಗೆ ಬಳಸಬಹುದು ಅಂತ ಅದರಲ್ಲೇ ಇದೆ. 10ನೇ ಸೆಕ್ಷನ್ ಗಾಂಜಾ ಬೆಳೆಯಲು ಪರವಾನಗಿ ಕೊಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಅಂದರೆ ಬಾಗಿಲು 1985ರಿಂದಲೂ ಇದೆ, ಚಿಲಕ ತೆಗೆಯುವವರು ಕಡಿಮೆ. 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯಲು ವಿಶ್ವಸಂಸ್ಥೆಯ ಆಯೋಗದಲ್ಲಿ ಮತ ಹಾಕಿದಾಗ ಭಾರತ ಹೌದು ಅಂದಿತು. 27 ಪರ, 25 ವಿರುದ್ಧ. ಅಲ್ಲಿ ಹೌದು ಅಂದವರು ಇಲ್ಲಿನ ರೋಗಿಗಳಿಗೂ ಅದನ್ನು ಹತ್ತಿರ ತರಬೇಕು ಅಂತ ನನ್ನ ಆಸೆ. ಅಲ್ಲಿಯವರೆಗೆ ನಮಗಿರುವುದು ಎಲೆಯ ದಾರಿ.

ಮೊದಲು ಡಾಕ್ಟರ್, ಆಮೇಲೆ ಎಣ್ಣೆ

ವಾಕರಿಕೆಗಾಗಲಿ ನೋವಿಗಾಗಲಿ ವಿಜಯಾ ಮೊದಲ ಔಷಧಿ ಅಲ್ಲ. ಕೀಮೊ ಕೊಡುವ ಡಾಕ್ಟರ್ ಹತ್ತಿರ ವಾಂತಿ ನಿಲ್ಲಿಸುವ ಒಳ್ಳೆಯ ಮಾತ್ರೆಗಳಿವೆ. "ಕೊಟ್ಟ ಮಾತ್ರೆ ಸಾಕಾಗುತ್ತಿಲ್ಲ" ಅಂತ ಅವರಿಗೆ ಬಾಯಿಬಿಟ್ಟು ಹೇಳಿ. ನಮ್ಮಲ್ಲಿ ತುಂಬಾ ಜನ ಹೇಳುವುದೇ ಇಲ್ಲ. ನೋವು ಜಾಸ್ತಿ ಇದ್ದರೆ ಮಾರ್ಫಿನ್ ಬಗ್ಗೆ ಕೇಳಿ. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಮಾರ್ಫಿನ್ ಸಿಗುವುದನ್ನು ಸುಲಭ ಮಾಡಿದ್ದಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ನಿವಾರಣೆಗೆ ವಿಭಾಗ ಇದೆ. ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಇಷ್ಟಾದ ಮೇಲೂ ವಿಜಯಾ ಬೇಕು ಅನಿಸಿದರೆ ನೋಂದಾಯಿತ ಆಯುರ್ವೇದ ವೈದ್ಯರ ಹತ್ತಿರ ಹೋಗಿ. ಆಯುರ್ವೇದದ ಪದವಿ ಬಿಎಎಂಎಸ್ ಓದಿರಬೇಕು, ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಬೇಕು. ಚೀಟಿಯಲ್ಲಿ ರೋಗಿಯ ಪೂರ್ತಿ ಹೆಸರು, ವಯಸ್ಸು, ಕಾಯಿಲೆ, ಔಷಧಿಯ ಹೆಸರು, ಎಷ್ಟು ಹನಿ, ಎಷ್ಟು ದಿನ, ತಾರೀಖು, ಸಹಿ. ಇಷ್ಟು ಬರೆಸಿಕೊಳ್ಳದೆ ಏಳಬೇಡಿ.

ಹೋಗುವಾಗ ರೋಗಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಈ ಗಿಡದ ಸಾರಕ್ಕೂ ಕೆಲವು ಮಾತ್ರೆಗಳಿಗೂ ಆಗಿಬರುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್ ದೇಹದಲ್ಲಿ ಏರಿಬಿಡಬಹುದು. ನಿದ್ದೆ ಮಾತ್ರೆ, ಮಾರ್ಫಿನ್ ಜೊತೆ ಸೇರಿದರೆ ಮಂಪರು ಜಾಸ್ತಿಯಾಗುತ್ತದೆ. ಕೀಮೊ ಡಾಕ್ಟರ್‌ಗೂ ತಿಳಿಸಿ. ಬೈಯುತ್ತಾರೇನೋ ಅಂತ ನಾವು ಹೆದರಿದ್ದೆವು. ಅವರು ಬೈಯಲಿಲ್ಲ, ಫೈಲಿನಲ್ಲಿ ಬರೆದುಕೊಂಡರು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ವಯಸ್ಸಿನವರು, ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದವರು, ಹೃದಯದ ತೊಂದರೆ ಇದ್ದವರು ತಾವಾಗಿಯೇ ಇದಕ್ಕೆ ಕೈ ಹಾಕಬಾರದು.

ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ

ನನ್ನ ತಪ್ಪು ಆದದ್ದು ಇಲ್ಲಿ. ಗಾಬರಿಯಲ್ಲಿ ಮೊದಲ ಸೀಸೆಯನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಚೀಟಿ ಕೇಳಲಿಲ್ಲ, ಮೂರು ದಿನಕ್ಕೆ ಬಂತು. ಚೆಂದದ ಡಬ್ಬಿ. ಮೇಲೆ ಏಳು ಬೆರಳಿನ ಹಸಿರು ಎಲೆ, ಕೆಳಗೆ "ಕ್ಯಾನ್ಸರ್ ಗೆಲ್ಲಿ" ಅಂತ ಇಂಗ್ಲಿಷಿನಲ್ಲಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ತಯಾರಿಕಾ ಪರವಾನಗಿ ಸಂಖ್ಯೆ ಇಲ್ಲ. ಬ್ಯಾಚ್ ನಂಬರ್ ಜಾಗದಲ್ಲಿ ಶಾಯಿ ಒರೆಸಿಹೋಗಿತ್ತು. ವಿಳಾಸದ ಬದಲು ಒಂದು ಇನ್‌ಸ್ಟಾಗ್ರಾಂ ಹೆಸರು. ದಿನಕ್ಕೆ ನೂರು ಲೇಬಲ್ ಓದುವವಳು ನಾನು. ಆದರೂ ದುಡ್ಡು ಕಟ್ಟುವ ಮುಂಚೆ ಇದ್ಯಾವುದನ್ನೂ ನೋಡಿರಲಿಲ್ಲ. ಆ ಸೀಸೆಯ ಮುಚ್ಚಳ ತೆಗೆಯಲೇ ಇಲ್ಲ.

ನೀವು ನೋಡಬೇಕಾದದ್ದು ಇದು. "ಆಯುರ್ವೇದ ಔಷಧಿ" ಅಂತ ಬರೆದಿರಬೇಕು. ತಯಾರಕರ ಹೆಸರು, ಪೂರ್ತಿ ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ನಂಬರ್, ತಯಾರಾದ ತಾರೀಖು, ಅವಧಿ ಮುಗಿಯುವ ತಾರೀಖು ಇರಬೇಕು. ಏನೇನು ಹಾಕಿದ್ದಾರೆ, ಎಷ್ಟೆಷ್ಟು ಅಂತ ಇರಬೇಕು. ವಿಜಯಾದ ಮುಂದೆ ಎಲೆ ಅಂತ, ಅಂದರೆ ಪತ್ರ ಅಂತ, ಸ್ಪಷ್ಟವಾಗಿ ಬರೆದಿರುವುದು ಒಳ್ಳೆಯದು. ಔಷಧ ನಿಯಮಗಳಲ್ಲಿ ಶೆಡ್ಯೂಲ್ ಇ-1 ಅಂತ ಒಂದು ಪಟ್ಟಿ ಇದೆ. ಆಯುರ್ವೇದದಲ್ಲಿ ಬಳಸುವ ವಿಷದ ಗುಣದ ವಸ್ತುಗಳ ಪಟ್ಟಿ ಅದು. ಬೀಜ ಬಿಟ್ಟು ಮಿಕ್ಕ ವಿಜಯಾ ಅದರಲ್ಲಿದೆ. ಆದ್ದರಿಂದ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಅನ್ನುವ ಎಚ್ಚರಿಕೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಸೀಸೆಯ ಮೇಲೆ ಇರಲೇಬೇಕು.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಇನ್ನೊಂದು ಪರೀಕ್ಷೆ ಇದೆ. ಇ-1 ಪಟ್ಟಿಯ ಔಷಧಿಯನ್ನು ಚೀಟಿ ಅಪ್‌ಲೋಡ್ ಮಾಡಿಸಿಕೊಂಡೇ ಮಾರಬೇಕು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಸೂಚಿಸಿದೆ. ಚೀಟಿ ಕೇಳದೆ ಕಳಿಸುವವರು ನಿಮಗೆ ಉಪಕಾರ ಮಾಡುತ್ತಿಲ್ಲ. ಹಾಗೇ "ಕ್ಯಾನ್ಸರ್ ವಾಸಿ", "ಸಕ್ಕರೆ ಕಾಯಿಲೆ ಮಾಯ" ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಆ ಮಾತು ಕಂಡಲ್ಲಿ ಪರ್ಸ್ ಮುಚ್ಚಿ. ಕ್ಯಾನ್ಸರನ್ನು ಈ ಗಿಡ ವಾಸಿ ಮಾಡುತ್ತದೆ ಅನ್ನಲು ಆಧಾರ ಇಲ್ಲ. ವಾಕರಿಕೆ ತಗ್ಗಬಹುದು, ಸ್ವಲ್ಪ ನಿದ್ದೆ ಬರಬಹುದು, ಕೆಲವರಿಗೆ ನೋವು ಇಳಿಯಬಹುದು. ನಮಗೆ ಬೇಕಾಗಿದ್ದದ್ದೂ ಅಷ್ಟೇ.

ಬ್ಯಾಚ್‌ನ ಲ್ಯಾಬ್ ವರದಿ ಕೇಳಿ. ಅದರಲ್ಲಿ ಎರಡು ಹೆಸರು ಹುಡುಕಿ: ಟಿಎಚ್‌ಸಿ ಮತ್ತು ಸಿಬಿಡಿ. ಅಮಲು ತರುವುದು ಟಿಎಚ್‌ಸಿ. ಸಿಬಿಡಿಗೆ ಆ ಗುಣ ಇಲ್ಲ. ಒಂದು ಎಂ.ಎಲ್.ನಲ್ಲಿ ಎಷ್ಟೆಷ್ಟು ಮಿಲಿಗ್ರಾಂ ಇದೆ ಅಂತ ನೋಡಿ ವೈದ್ಯರಿಗೆ ತೋರಿಸಿ.

ಬೀಜದ ಎಣ್ಣೆಯ ಗೊಂದಲ ಒಂದಿದೆ. ಹೆಂಪ್ ಸೀಡ್ ಆಯಿಲ್ ಅಂತ ಸಿಗುತ್ತದಲ್ಲ, ಅದು ಅಡುಗೆಯ ಸಾಮಾನು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟಿಗೆ ಆಹಾರವಾಗಿ ಒಪ್ಪಿಗೆ ಕೊಟ್ಟಿದೆ. ತಿನ್ನಲು ಒಳ್ಳೆಯದೇ. ಆದರೆ ವಾಕರಿಕೆಗೆ ಅದು ಔಷಧಿ ಅಲ್ಲ. ಅದನ್ನು ವಿಜಯಾ ಅಂದುಕೊಂಡು ದುಬಾರಿ ಬೆಲೆ ಕೊಟ್ಟು ತಂದವರನ್ನು ನೋಡಿದ್ದೇನೆ.

ಎರಡು ಹನಿ ಅಂದರೆ ಎರಡೇ ಹನಿ

ವೈದ್ಯರು ಅಣ್ಣನಿಗೆ ಬರೆದದ್ದು ರಾತ್ರಿ ಎರಡು ಹನಿ, ಬೆಚ್ಚಗಿನ ತುಪ್ಪದಲ್ಲಿ. ಮೂರನೇ ದಿನ ಎಂಟು ಗಂಟೆಗೆ ಕೊಟ್ಟೆವು. ಒಂಬತ್ತಾದರೂ ಏನೂ ಗೊತ್ತಾಗಲಿಲ್ಲ. ನಾನು ಅಂಗಡಿ ಬಾಗಿಲು ಹಾಕಲು ಹೋಗಿದ್ದಾಗ ಅಣ್ಣನ ಮಗ ಇನ್ನೂ ನಾಲ್ಕು ಹನಿ ಹಾಕಿದ. ಹತ್ತೂವರೆಗೆ ಅಣ್ಣ ಮಂಚದ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡು, "ಗೋಡೆ ಹತ್ತಿರ ಬರ್ತಿದೆ ಕಣೇ" ಅಂದ. ಬಾಯಿ ಒಣಗಿತ್ತು, ಎದೆ ಡವಡವ. ವೈದ್ಯರಿಗೆ ಫೋನ್ ಮಾಡಿ, ದೀಪ ಸಣ್ಣದು ಮಾಡಿ, ಕೈ ಹಿಡಿದು ಪಕ್ಕದಲ್ಲೇ ಕೂತೆ. ಬೆಳಗಿನ ಹೊತ್ತಿಗೆ ಸರಿಹೋಯಿತು.

ಬಾಯಿಂದ ತೆಗೆದುಕೊಂಡದ್ದು ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಇಳಿಯಲು ಆರೆಂಟು ಗಂಟೆ ಬೇಕಾಗಬಹುದು, ಕೆಲವರಿಗೆ ಇನ್ನೂ ಜಾಸ್ತಿ. ಏನೂ ಆಗಲಿಲ್ಲ ಅಂತ ಅದೇ ರಾತ್ರಿ ಮತ್ತೆ ಕೊಡಬೇಡಿ. ಹನಿ ಹೆಚ್ಚಿಸುವುದು ವೈದ್ಯರ ಕೆಲಸ. ಎದೆನೋವು ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಏನು ಕೊಟ್ಟಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಆ ರಾತ್ರಿಯಿಂದ ನಾವು ಒಂದು ನೋಟ್‌ಬುಕ್ ಇಟ್ಟೆವು. ಎಷ್ಟು ಗಂಟೆಗೆ, ಎಷ್ಟು ಹನಿ, ಯಾರು ಕೊಟ್ಟರು, ಮಾರನೇ ದಿನ ಏನು ತಿಂದ. ಸೀಸೆಯನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟೆವು, ಮನೆಯಲ್ಲಿ ಮಕ್ಕಳಿದ್ದರು. ತೆಗೆದುಕೊಂಡವರು ಗಾಡಿ ಓಡಿಸಬಾರದು. ಮೂತ್ರ ಪರೀಕ್ಷೆಯಲ್ಲಿ ಇದು ದಿನಗಟ್ಟಲೆ, ತುಂಬಾ ದಿನ ಬಳಸಿದವರಲ್ಲಿ ವಾರಗಟ್ಟಲೆ ಕಾಣಿಸುತ್ತದೆ. ಕೆಲಸದ ಜಾಗದಲ್ಲಿ ಅಂಥ ಪರೀಕ್ಷೆ ಇದ್ದರೆ ಮೊದಲೇ ಯೋಚಿಸಿ.

ಆರನೇ ದಿನದ ಪುಟದಲ್ಲಿ ಅತ್ತಿಗೆಯ ಅಕ್ಷರ ಇದೆ: "ಬೆಳಿಗ್ಗೆ ಎರಡು ಇಡ್ಲಿ. ವಾಂತಿ ಇಲ್ಲ." ಅವತ್ತು ಒಲೆ ಮತ್ತೆ ಅಡುಗೆಮನೆಯೊಳಗೆ ಬಂತು.

ಬಸ್ಸು, ವಿಮಾನ, ಅಮೆರಿಕದ ಮಗ

ಊರಿಂದೂರಿಗೆ ಹೋಗುವಾಗ ಮೂರು ವಸ್ತು ಒಂದೇ ಕವರ್‌ನಲ್ಲಿರಲಿ: ಲೇಬಲ್ ಕೀಳದ ಮೂಲ ಸೀಸೆ, ಚೀಟಿಯ ಅಸಲು, ರೋಗಿಯ ಹೆಸರಿನ ಬಿಲ್ಲು. ಬೇರೆ ಬಾಟಲಿಗೆ ಸುರಿದುಕೊಳ್ಳಬೇಡಿ. ಸುರಿದರೆ ಅದು ಯಾರೂ ಗುರುತಿಸಲಾಗದ ಹಸಿರು ಎಣ್ಣೆ ಆಗಿಬಿಡುತ್ತದೆ. ಪೊಲೀಸರು ಕೇಳಿದರೆ ಕವರ್ ತೋರಿಸಿ, ಶಾಂತವಾಗಿ ಮಾತಾಡಿ. ಮೈ ತಪಾಸಣೆ ಮಾಡುವುದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿ ಅಂತ ಕೇಳುವ ಹಕ್ಕನ್ನು 50ನೇ ಸೆಕ್ಷನ್ ಕೊಟ್ಟಿದೆ.

ದೇಶದ ಗಡಿ ದಾಟುವಾಗ ಮಾತ್ರ ಯಾವ ಚೀಟಿಯೂ ಕಾಪಾಡುವುದಿಲ್ಲ ಅಂದುಕೊಂಡೇ ಇರಿ. ಕ್ಯಾಲಿಫೋರ್ನಿಯಾ 1996ರಲ್ಲೇ ರೋಗಿಗಳಿಗೆ ಅವಕಾಶ ಕೊಟ್ಟಿತು. ಬ್ರಿಟನ್ನಿನಲ್ಲಿ 2018ರ ನವೆಂಬರ್‌ನಿಂದ ತಜ್ಞ ವೈದ್ಯರು ಬರೆದುಕೊಡಬಹುದು. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ಗಾಂಜಾ ಸಾರದ ಗಮ್ಮಿ ಮಿಠಾಯಿಯನ್ನು "ಅಮ್ಮನ ಮಂಡಿನೋವಿಗೆ" ಅಂತ ಸೂಟ್‌ಕೇಸಲ್ಲಿ ಹಾಕಿಕೊಂಡು ಬರುತ್ತಾರೆ. ದಯವಿಟ್ಟು ಬೇಡ. ಇಲ್ಲಿ ಅದು ಮಾದಕ ವಸ್ತುವಿನ ಆಮದು. ಮಿಶ್ರಣ ಸಿಕ್ಕರೆ ಒಳಗಿನ ಔಷಧಿಯ ತೂಕ ಮಾತ್ರ ಅಲ್ಲ, ಸೇರಿಸಿದ್ದರ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಕ್ಕರೆಯ ತೂಕಕ್ಕೂ ಶಿಕ್ಷೆ ಬೀಳಬಹುದು. ಥಾಯ್ಲೆಂಡಿನಿಂದ ತರುವ ಮಾತಂತೂ ಬೇಡವೇ ಬೇಡ. ಇಲ್ಲಿಂದ ಹೊರಗೆ ಹೋಗುವವರೂ ವಿಜಯಾ ಸೀಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿ, ಮುಖ್ಯವಾಗಿ ದುಬೈ ಕಡೆಗೆ ಹೋಗುವವರು.

ಉಳಿದ ಎಣ್ಣೆ

ಅಣ್ಣ 2024ರ ಜನವರಿಯಲ್ಲಿ ಹೋದ. ಕೊನೆಯ ಮೂರು ತಿಂಗಳು ಊಟದ ಹೊತ್ತಿಗೆ ನಮ್ಮ ಜೊತೆ ಕೂತು ಎರಡು ತುತ್ತಾದರೂ ತಿಳಿಸಾರನ್ನ ತಿಂದ.

ಬೀರುವಿನಲ್ಲಿ ಅರ್ಧ ಸೀಸೆ ಉಳಿದಿತ್ತು. ಹದಿನೈದು ದಿನಕ್ಕೆ ಹಿಂದಿನ ಬೀದಿಯವರೊಬ್ಬರು ಬಂದು, ಅವರ ಮನೆಯವರಿಗೂ ಕೀಮೊ ಶುರುವಾಗಿದೆ, ಉಳಿದಿದ್ದರೆ ಕೊಡಿ ಅಂದರು. ಕೊಡಬೇಕು ಅನಿಸಿತು. ಕೊಡಲಿಲ್ಲ. ಆ ಚೀಟಿ ಅಣ್ಣನ ಹೆಸರಿನದು, ಅವರಿಗಿರುವ ಬೇರೆ ಕಾಯಿಲೆ, ಬೇರೆ ಮಾತ್ರೆಗಳು ನನಗೆ ಗೊತ್ತಿರಲಿಲ್ಲ. ವೈದ್ಯರ ವಿಳಾಸ ಬರೆದುಕೊಟ್ಟೆ, ಮಾರನೇ ದಿನ ಅವರ ಜೊತೆ ನಾನೂ ಹೋದೆ. ಸಂಜೆ ಬಂದು ಉಳಿದ ಎಣ್ಣೆಯನ್ನು ಬಳಸಿದ ಕಾಫಿ ಚರಟಕ್ಕೆ ಸುರಿದು ಕಲಸಿ, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ನೀವೂ ಹಾಗೇ ಮಾಡಿ. ಬಚ್ಚಲಿಗೆ ಸುರಿಯಬೇಡಿ. ಖಾಲಿ ಸೀಸೆಯ ಲೇಬಲ್ ಕಿತ್ತು ಚೂರು ಮಾಡಿ. ಚೀಟಿ, ಬಿಲ್ಲು, ನೋಟ್‌ಬುಕ್ ಮಾತ್ರ ಎತ್ತಿಡಿ. ನಮ್ಮದು ಇನ್ನೂ ಬೀರುವಿನಲ್ಲೇ ಇದೆ.